ಅಕ್ಕ ಸುಮ್ಮನಿದ್ದ ನಾಲ್ಕು ವಾರ

ನಮ್ಮ ಅಕ್ಕನ ಮುಖ ನೋಡಿಲ್ಲದವರಿಗೂ ಅವಳ ದನಿ ಗೊತ್ತು. ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷದಿಂದ ಮೈಕಿನ ಮುಂದೆ ಕೂತವಳು ಅವಳೇ. ಗಾಜಿನ ಕಿಟಕಿಯ ಸಣ್ಣ ಕೋಣೆ, ಒಂದು ಮೇಜು, ವೇಳಾಪಟ್ಟಿ ಅಂಟಿಸಿದ ರಟ್ಟು, ಗಂಟಲು ಒಣಗಿದಾಗ ಕುಡಿಯಲು ಒಂದು ಫ್ಲಾಸ್ಕ್ ಬಿಸಿನೀರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಅಳುತ್ತ ವಿಚಾರಣೆಯ ಕಿಟಕಿ ಹತ್ತಿರ ನಿಂತಿದೆ, ಯಾರ ಕೊಡೆ ಸಿಕ್ಕಿದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಒಂದಕ್ಷರವೂ ಎಡವದೆ ಹೇಳುತ್ತಿದ್ದಳು. ಡ್ರೈವರುಗಳು ಅವಳಿಗೆ ಮೈಕಕ್ಕ ಎಂದು ಹೆಸರಿಟ್ಟಿದ್ದರು. ಅವರಲ್ಲೇ ಒಬ್ಬರನ್ನು ಅವಳು ಮದುವೆಯಾದಳು. “ನಾನು ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಅಂತ ಮನೇಲೂ ಅವಳೇ ಹೇಳ್ತಾಳೆ” ಎಂದು ಭಾವ ನಗುತ್ತಾರೆ.

ಅವಳಿಗೆ ಆ ನಾಲಿಗೆ ಎಲ್ಲಿಂದ ಬಂತು ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಅದು ಅಣ್ಣನಿಂದ ಬಂದದ್ದು.

ನಾವು ಮೂವರು. ಅಕ್ಕ ದೊಡ್ಡವಳು, ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನು ಅಣ್ಣ, ಅವನಾದ ಆರು ವರ್ಷಕ್ಕೆ, ಯಾರೂ ಎದುರು ನೋಡದೆ ಇದ್ದಾಗ ಬಂದವಳು ನಾನು. ಅಣ್ಣನಿಗೆ ಮಾತು ಉಗ್ಗುತ್ತಿತ್ತು. ಮೊದಲ ಅಕ್ಷರಕ್ಕೇ ತುಟಿ ಹಿಡಿದುಕೊಂಡುಬಿಡುತ್ತಿತ್ತು. ಕತ್ತಿನ ನರ ಉಬ್ಬಿ, ಕಣ್ಣು ಒಮ್ಮೆ ಗಟ್ಟಿಯಾಗಿ ಮುಚ್ಚಿ, ಆಮೇಲೆ ಪದ ಹೊರಗೆ ಬೀಳುತ್ತಿತ್ತು. ಬೀಳುವಷ್ಟು ಹೊತ್ತು ಯಾರು ಕಾಯುತ್ತಾರೆ? ಅಕ್ಕನಂತೂ ಕಾಯುತ್ತಿರಲಿಲ್ಲ. ತಮ್ಮನ ಮುಖದಲ್ಲಿ ಆ ಕಷ್ಟ ನೋಡಲು ಅವಳಿಂದ ಆಗುತ್ತಿರಲಿಲ್ಲ. ಅವನು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ಇವಳು ಹೇಳಿ ಮುಗಿಸುತ್ತಿದ್ದಳು.

ಅಪ್ಪನ ತೊಂದರೆ ಇನ್ನೊಂದು ಬಗೆ. ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಪಕ್ಕ ನಿಂತು ನಿಂತು ನಲವತ್ತರೊಳಗೇ ಅವನ ಕಿವಿ ಮಂದವಾಗಿತ್ತು. ಅಕ್ಕನ ದನಿ ತೆಳುವಾಗಿ, ಚೂಪಾಗಿ ಇದ್ದದ್ದರಿಂದ ಅವನಿಗೆ ಅದು ನೆಟ್ಟಗೆ ಒಳಗೆ ಹೋಗುತ್ತಿತ್ತು. ಹೀಗಾಗಿ ಅಪ್ಪ, ಅಣ್ಣ ಎದುರಿಗೇ ಕೂತಿದ್ದರೂ ಅಕ್ಕನ ಕಡೆ ತಿರುಗಿ “ಏನಂತೆ ಅವನಿಗೆ?” ಎಂದು ಕೇಳುತ್ತಿದ್ದ. ಅಕ್ಕ ಹೇಳುತ್ತಿದ್ದಳು. ಅಪ್ಪ ಉತ್ತರವನ್ನೂ ಅವಳಿಗೇ ಕೊಡುತ್ತಿದ್ದ. ಒಂದೇ ಮೇಜಿನಲ್ಲಿ ಊಟಕ್ಕೆ ಕೂತ ತಂದೆ ಮಗ ವರ್ಷಗಟ್ಟಲೆ ನೇರವಾಗಿ ನಾಲ್ಕು ಮಾತೂ ಆಡಲಿಲ್ಲ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, “ಈ ಮನೇಲಿ ಒಬ್ಬನಿಗೆ ಬಾಯಿ ಕಮ್ಮಿ, ಒಬ್ಬರಿಗೆ ಕಿವಿ ಕಮ್ಮಿ. ಎರಡೂ ಸೇರಿ ಇವಳೊಬ್ಬಳಿಗೆ ಬಂದುಬಿಟ್ಟಿದೆ” ಎನ್ನುತ್ತಿದ್ದಳು.

ಅಣ್ಣ ಶಾಲೆಗೆ ಸೇರಿದ ದಿನದ ಕಥೆಯನ್ನು ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ಟೀಚರು ಹೆಸರು ಕೇಳಿದರಂತೆ. ಅಣ್ಣ ಎದ್ದು ನಿಂತ. ಮಕ್ಕಳು ಕಾದರು, ಟೀಚರು ಕಾದರು, ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ಕೋಣೆಯಲ್ಲಿ ಪಾಠ ಕೇಳುತ್ತಿದ್ದ ಅಕ್ಕನಿಗೆ ಅದು ಹೇಗೆ ಗೊತ್ತಾಯಿತೋ, ತನ್ನ ತರಗತಿಯಿಂದ ಯಾರನ್ನೂ ಕೇಳದೆ ಎದ್ದು ಬಂದು, ಬಾಗಿಲಲ್ಲಿ ನಿಂತು ಅವನ ಹೆಸರು, ಅಪ್ಪನ ಹೆಸರು, ಮನೆಯ ವಿಳಾಸ, ಅವನಿಗೆ ಯಾವ ಬಣ್ಣ ಇಷ್ಟ ಎಂಬುದನ್ನೂ ಗಟ್ಟಿಯಾಗಿ ಹೇಳಿ ವಾಪಸು ಹೋದಳಂತೆ. ಅವತ್ತಿನಿಂದ ಆ ಟೀಚರಿಗೆ ಏನಾದರೂ ಕೇಳಬೇಕಿದ್ದರೆ “ಅವನಕ್ಕನ್ನ ಕರೀರಿ” ಎನ್ನುವುದೇ ರೂಢಿಯಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರವೂ ಅಷ್ಟೇ. “ನೋಯ್ತಿದೆಯಾ?” ಎಂದು ಡಾಕ್ಟರು ಅಣ್ಣನ ಹೊಟ್ಟೆ ಒತ್ತಿದರೆ “ಹೌದು, ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ” ಎಂದು ಅಕ್ಕ ಹೇಳುತ್ತಿದ್ದಳು.

ತಮಾಷೆಯೆಂದರೆ ಹತ್ತಕ್ಕೆ ಒಂಬತ್ತು ಸಲ ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯ ಸಲ ಅಣ್ಣ ಸುಮ್ಮನೆ ತಲೆಯಾಡಿಸಿಬಿಡುತ್ತಿದ್ದ. ನೀಲಿ ಅಂಗಿ ಎನ್ನಲು ಹೊರಟವನಿಗೆ ಬಿಳಿ ಅಂಗಿ ಬಂದರೆ ಅದನ್ನೇ ಹಾಕಿಕೊಳ್ಳುತ್ತಿದ್ದ.

ನಾನು ಹುಟ್ಟಿದ ಮೇಲೆ ಅವನಿಗೆ ಒಂದು ಹೊಸ ಅನುಕೂಲವಾಯಿತು. ನನಗೆ ಮುಂದೆ ಬರುವ ಪದ ಯಾವುದೆಂದು ಊಹಿಸಲು ಗೊತ್ತಿರಲಿಲ್ಲ. ಎರಡು ವರ್ಷದ ಕೂಸಿಗೆ ಏನು ಗೊತ್ತಿರುತ್ತದೆ? ಅವನು ಕಥೆ ಹೇಳುತ್ತ ಒಂದು ಅಕ್ಷರಕ್ಕೆ ಸಿಕ್ಕಿಕೊಂಡರೆ ನಾನು ಬಾಯಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದೆ. ಎಲ್ಲರ ಮನೆಯ ಕಥೆಗಳೂ ಹೀಗೇ ನಿಂತು ನಿಂತು ಬರುತ್ತವೆ ಎಂದೇ ಅಂದುಕೊಂಡಿದ್ದೆ. ಆನೆ ಬರುವ ಮುಂಚೆ “ಆ... ಆ... ಆ...” ಎಂದು ಬಾಗಿಲು ತಟ್ಟಿದ ಹಾಗೆ ಸದ್ದು ಬರುವುದು ನನಗೆ ಬಹಳ ಇಷ್ಟವಾಗಿತ್ತು. ತಾರಸಿಯ ಮೇಲೆ, ಅಮ್ಮ ಒಣಗಲು ಹಾಕಿದ ಬಟ್ಟೆಗಳ ನಡುವೆ ಕೂತು ನಾವಿಬ್ಬರೂ ಮಾತಾಡಿದಷ್ಟು ಆ ಮನೆಯಲ್ಲಿ ಬೇರೆ ಯಾರೂ ಮಾತಾಡಿಲ್ಲ. ನನ್ನ ಜೊತೆ ಅವನಿಗೆ ಉಗ್ಗು ಕಡಿಮೆ ಇರುತ್ತಿತ್ತೋ, ನಾನು ಗಮನಿಸುತ್ತಿರಲಿಲ್ಲವೋ ಈಗ ಹೇಳಲಾರೆ. ಇವತ್ತು ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕದ ಹೆಸರು ಮರೆತು ಬಂದವರು ತಲೆ ಕೆರೆದುಕೊಂಡು ನಿಂತಾಗ ನನ್ನ ಸಹೋದ್ಯೋಗಿಗಳು ಚಡಪಡಿಸುತ್ತಾರೆ. ನನಗೆ ಅದು ಸಲೀಸು.

ಅಣ್ಣನ ಶಾಲೆ ಮುಗಿದ ವರ್ಷ ನನಗೆ ಹತ್ತು ವಯಸ್ಸು. ಫಲಿತಾಂಶ ಬಂದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ಎಂದಿನಂತೆ ಅಕ್ಕನ ಕಡೆ ತಿರುಗಿದ.

“ಮುಂದೆ ಏನು ಮಾಡ್ತಾನಂತೆ?”

ಅಣ್ಣ ತಟ್ಟೆಯಿಂದ ತಲೆಯೆತ್ತಿದ. ಅವತ್ತು ತಾನೇ ಹೇಳಬೇಕು ಅಂದುಕೊಂಡಿದ್ದನೆಂದು ಕಾಣುತ್ತದೆ. ಬೆನ್ನು ನೆಟ್ಟಗೆ ಮಾಡಿ ಕೂತ. ತುಟಿ ಒತ್ತಿ ಹಿಡಿದುಕೊಂಡಿತು.

“ಮ್... ಮ್... ಮ್...”

“ಮರಗೆಲಸ” ಎಂದಳು ಅಕ್ಕ. “ಮರಗೆಲಸ ಕಲೀತಾನಂತೆ ಅಪ್ಪಾ. ನೋಡಿಲ್ವಾ ನೀನು, ಯಾವಾಗ್ಲೂ ಏನಾದ್ರೂ ಕೆತ್ತುತಾ ಇರ್ತಾನೆ. ಕೈ ಒಳ್ಳೇದಿದೆ.”

ಅಪ್ಪನ ಮುಖ ಅರಳಿತು. ಕೈಕೆಲಸದವನಿಗೆ ಮಗನೂ ಕೈಕೆಲಸ ಕಲಿಯುತ್ತಾನೆ ಎನ್ನುವುದು ಹೆಮ್ಮೆಯ ಮಾತು. ಅಣ್ಣ ಒಂದು ಗಳಿಗೆ ಅಕ್ಕನನ್ನೇ ನೋಡಿದ. ಆಮೇಲೆ ತಲೆಯಾಡಿಸಿ ಊಟ ಮುಂದುವರಿಸಿದ.

ಮರುದಿನ ಸಂಜೆ ತಾರಸಿಯ ಮೇಲೆ, “ಅದು ಮರಗೆಲಸ ಅಲ್ಲ ಪುಟ್ಟಿ” ಎಂದ. ಮತ್ತೇನು ಎಂದು ಕೇಳಿದೆ. ಬಹಳ ಹೊತ್ತು ಹಿಡಿಯಿತು.

“ಮೇ... ಮೇಷ್ಟ್ರು.”

ನನಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಅಣ್ಣಾ! ನೀನು ಹಾಜರಿ ಕೂಗೋಷ್ಟರಲ್ಲಿ ಮನೆಗೆ ಹೋಗೋ ಬೆಲ್ಲು ಹೊಡೆದುಬಿಡುತ್ತೆ!” ಎಂದೆ. ಅವನೂ ನಕ್ಕ. ನನಗಿಂತ ಜೋರಾಗಿ ನಕ್ಕ. ಆಮೇಲೆ, “ಯಾರಿಗೂ ಹೇಳಬೇಡ” ಎಂದ. ಹೇಳಲಿಲ್ಲ. ಆ ಮಾತು ಮತ್ತೆಂದೂ ನಮ್ಮ ನಡುವೆ ಬರಲಿಲ್ಲ.

ಅವನು ಮರಗೆಲಸ ಕಲಿತ. ಚೆನ್ನಾಗಿಯೇ ಕಲಿತ. ಎಂಟು ವರ್ಷ ಬೇರೆಯವರ ಕೈಕೆಳಗೆ ದುಡಿದು, ನಮ್ಮ ಮನೆಯ ಕೆಳಗಿನ ಭಾಗದಲ್ಲೇ ಸ್ವಂತ ಕಾರ್ಯಾಗಾರ ಹಾಕಿದ. ಬಾಗಿಲು, ಕಿಟಕಿ, ಕಪಾಟು. ಅವನು ಕೂಡಿಸಿದ ಸಂದಿನಲ್ಲಿ ಒಂದು ಕಾಗದವೂ ತೂರುವುದಿಲ್ಲ. ಬೋರ್ಡಿನ ಮೇಲೆ ಬರೆಸಿದ್ದ ಫೋನ್ ನಂಬರು ಮಾತ್ರ ಅಕ್ಕನದು. ಗಿರಾಕಿಗಳು ಅವಳಿಗೆ ಫೋನ್ ಮಾಡಬೇಕು, ಅವಳು ಅಳತೆ, ಮರ, ದಿನ ಎಲ್ಲ ಮಾತಾಡಿ ಚೀಟಿ ಕಳಿಸಬೇಕು. ಮದುವೆಯ ವಿಷಯದಲ್ಲೂ ಅದೇ ಆಗುವುದರಲ್ಲಿತ್ತು. ಪುಸ್ತಕದ ಕಪಾಟು ಮಾಡಿಸಲು ಬಂದ ಒಬ್ಬ ಹುಡುಗಿ, ಕಪಾಟು ಮುಗಿದ ಮೇಲೂ ಕಾರ್ಯಾಗಾರಕ್ಕೆ ಬರುತ್ತಲೇ ಇದ್ದಳು. ಅಕ್ಕ ವಿಷಯ ತಿಳಿದು, ತಮ್ಮನ ಪರವಾಗಿ ಮಾತಾಡಲು ನೇರ ಅವಳ ಮನೆಗೇ ಹೋದಳು. ಅವನ ಗುಣ, ಅಭ್ಯಾಸ, ಆಸೆ ಎಲ್ಲವನ್ನೂ ಅರ್ಧ ಗಂಟೆ ಹೇಳಿದಳು. ಆ ಹುಡುಗಿ ಪೂರ್ತಿ ಕೇಳಿಸಿಕೊಂಡು, “ಎಲ್ಲ ಸರಿ. ಆದ್ರೆ ನಾನು ಮದುವೆ ಆಗೋದು ಅವರನ್ನಾ, ನಿಮ್ಮನ್ನಾ?” ಎಂದು ಕೇಳಿದಳಂತೆ. ಈಗ ಅವಳೇ ನಮ್ಮ ಅತ್ತಿಗೆ. ಅಕ್ಕ ಆ ಮಾತಿಗೆ ನಕ್ಕಳು. ಆದರೆ ಮನಸ್ಸಿನಲ್ಲಿ ಮುಳ್ಳು ಚುಚ್ಚಿರಬೇಕು, ಯಾಕೆಂದರೆ ಅದನ್ನು ನನಗೆ ನಾಲ್ಕು ಸಲ ಹೇಳಿದಳು.

ಅಕ್ಕನಿಗೆ ನಲವತ್ಮೂರು ತುಂಬಿದ ವರ್ಷ ಅವಳ ದನಿ ಒಡೆಯಿತು. ಮೊದಮೊದಲು ಸಂಜೆ ಹೊತ್ತಿಗೆ ಗೊಗ್ಗರಾಗುತ್ತಿತ್ತು. ಶೀತ ಎಂದಳು, ಧೂಳು ಎಂದಳು, ಫ್ಲಾಸ್ಕು ದೊಡ್ಡದು ತಂದಳು. ಒಂದು ಬೆಳಿಗ್ಗೆ, ತಡವಾದ ಬಸ್ಸಿನ ವಿಷಯ ಹೇಳುತ್ತ ಇದ್ದಹಾಗೇ ಅರ್ಧ ವಾಕ್ಯದಲ್ಲಿ ದನಿ ನಿಂತೇಹೋಯಿತು. ಬಾಯಿ ಆಡುತ್ತಿದೆ, ಮೈಕಿನಲ್ಲಿ ಬರೀ ಗಾಳಿ. ನಿಲ್ದಾಣದಲ್ಲಿದ್ದ ಜನರೆಲ್ಲ ತಲೆಯೆತ್ತಿ ಧ್ವನಿವರ್ಧಕದ ಕಡೆ ನೋಡಿದರಂತೆ. ಗಂಟಲಿನ ಡಾಕ್ಟರು, ದನಿ ಹೊರಡುವ ಜಾಗದಲ್ಲಿ ಸಣ್ಣ ಗಂಟು ಬೆಳೆದಿದೆ, ತೆಗೆಯಬೇಕು, ಹೆದರುವಂಥದ್ದೇನಿಲ್ಲ ಎಂದರು. ಆದರೆ ತೆಗೆದ ಮೇಲೆ ನಾಲ್ಕು ವಾರ ಒಂದು ಮಾತೂ ಆಡಕೂಡದು.

“ಪಿಸುಮಾತು?” ಎಂದು ಅಕ್ಕ ಪಿಸುಗುಟ್ಟಿದಳು.

“ಅದೂ ಬೇಡ. ಅದು ಇನ್ನೂ ಕೆಟ್ಟದ್ದು” ಎಂದರು ಡಾಕ್ಟರು.

ಭಾವನಿಗೆ ಆ ತಿಂಗಳು ದೂರದ ಮಾರ್ಗ ಇತ್ತು. ಹಾಗಾಗಿ ಅಕ್ಕ ನಾಲ್ಕು ವಾರಕ್ಕೆಂದು ನಮ್ಮ ಮನೆಗೆ ಬಂದಳು. ಮೇಲೆ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ; ಎರಡು ಬೀದಿ ಆಚೆ ನಾನು. ಅಣ್ಣ ಒಂದು ತೆಳು ಹಲಗೆಗೆ ಕಪ್ಪು ಬಣ್ಣ ಬಳಿದು, ಅಂಚು ನಯ ಮಾಡಿ, ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ. ಜೊತೆಗೆ ಒಂದು ಡಬ್ಬಿ ಸೀಮೆಸುಣ್ಣ. ಮೊದಲನೇ ದಿನವೇ ಅವಳು ಅರ್ಧ ಡಬ್ಬಿ ಖಾಲಿ ಮಾಡಿದಳು. ಎರಡನೇ ದಿನ ಕೈ ನೋವು ಬಂದು, “ಚಹಾಕ್ಕೆ ಸಕ್ಕರೆ ಕಮ್ಮಿ” ಎಂಬಷ್ಟಕ್ಕೆ ಇಳಿದಳು. ಮೂರನೇ ದಿನ ಬರೀ “ಸಕ್ಕರೆ” ಎಂದು ಬರೆದಳು. ಫೋನ್ ಬಂದರೆ ಒಂದು ಸಲ ಅದನ್ನು, ಒಂದು ಸಲ ಅಣ್ಣನನ್ನು ನೋಡಿ, ಬಿಸಿ ಪಾತ್ರೆ ದಾಟಿಸಿದ ಹಾಗೆ ಅವನ ಕೈಗೆ ಕೊಟ್ಟುಬಿಡುತ್ತಿದ್ದಳು. ಅಣ್ಣ ಬೆವರುತ್ತಿದ್ದ. ಆ ಕಡೆಯವರು ಕೆಲವರು “ಹಲೋ, ಹಲೋ, ಕೇಳಿಸ್ತಿಲ್ಲ” ಎಂದು ಇಟ್ಟುಬಿಡುತ್ತಿದ್ದರು. ಕೆಲವರು ಇಡುತ್ತಿರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ, ನಾನು ಅಲ್ಲೇ ಇದ್ದೆ, ಅಪ್ಪ ಮುಂದಿನ ಕೋಣೆಯ ಕಿಟಕಿಯ ಜೊತೆ ಜಗಳವಾಡುತ್ತಿದ್ದ. ಎಷ್ಟು ಎಳೆದರೂ ಅದು ಮುಚ್ಚಿಕೊಳ್ಳುತ್ತಿರಲಿಲ್ಲ. ಅಣ್ಣ ಬಂದು ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡಿದ. ಅಪ್ಪ ಅಭ್ಯಾಸದಂತೆ ಅಕ್ಕನ ಕಡೆ ತಿರುಗಿ, “ಏನಂತೆ ಇದಕ್ಕೆ?” ಎಂದ. ಅಕ್ಕ ಸೀಮೆಸುಣ್ಣ ಎತ್ತಿಕೊಂಡಳು. ಅಪ್ಪನ ಕನ್ನಡಕ ಒಳಗಿತ್ತು, ಬರೆದರೂ ಓದಲಾರ. ಅವಳು ಹಲಗೆ ಕೆಳಗಿಳಿಸಿ ಅಣ್ಣನ ಕಡೆ ಕೈ ತೋರಿಸಿದಳು.

ಅಪ್ಪ ತನ್ನ ಬಲಗಿವಿಯನ್ನು ಮಗನ ಹತ್ತಿರ ತಂದ. ಅಣ್ಣ ಉಸಿರು ಎಳೆದುಕೊಂಡ. ತೇವಕ್ಕೆ ಮರ ಉಬ್ಬಿದೆ, ಕೆಳಗಿನ ಅಂಚನ್ನು ಹತ್ತರಿಯಿಂದ ಎರಡು ಎಳೆ ಹೆರೆದರೆ ಸರಿಹೋಗುತ್ತದೆ, ಆದರೆ ಈಗಲೇ ಹೆರೆದರೆ ಬಿಸಿಲು ಕಾಲಕ್ಕೆ ಸಡಿಲವಾಗುತ್ತದೆ, ಅದಕ್ಕೇ ತಾನು ಬಿಟ್ಟಿದ್ದೇನೆ. ಇಷ್ಟು ಹೇಳಲು ಅವನಿಗೆ ಐದು ನಿಮಿಷವಾದರೂ ಬೇಕಾಯಿತು. ನಡುವೆ ಎರಡು ಸಲ ಪೂರ್ತಿ ನಿಂತ. ಅಕ್ಕನ ಕೈಯಲ್ಲಿ ಸೀಮೆಸುಣ್ಣ ಪಟ್ಟನೆ ಮುರಿಯಿತು. ಅಪ್ಪ ಮಾತ್ರ ಅಲುಗಾಡದೆ, ಬಾಗಿದ ಕಿವಿಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದ. ಮುಗಿದ ಮೇಲೆ ನೆಟ್ಟಗಾಗಿ, ಬೆರಗಿನಿಂದ ಮಗನ ಮುಖ ನೋಡಿದ.

“ಅಲ್ಲೋ, ನೀನು ಹೇಳಿದ್ದು ಪೂರ್ತಿ ಕೇಳಿಸ್ತಲ್ಲೋ ನನಗೆ! ಬೇರೆಯವರೆಲ್ಲ ಗಡಗಡ ಅಂತ ಸುರಿದುಬಿಡ್ತಾರೆ, ಒಂದು ಹಿಡ್ಕೊಳ್ಳೋಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ನೀನು ಒಂದೊಂದೇ ಕೊಡ್ತೀಯ.”

ಅಣ್ಣ ಕಿಟಕಿಯ ಅಂಚು ಸವರುತ್ತ ನಿಂತ. ಅಪ್ಪ ದನಿ ತಗ್ಗಿಸಿದ. ಅವನ ಮಟ್ಟಿಗೆ ತಗ್ಗಿಸಿದ್ದು. ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

“ನಿನಗೆ ನನ್ನ ಹತ್ರ ಮಾತಾಡಕ್ಕೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ಕಣೋ. ಇಷ್ಟು ವರ್ಷ.”

“ಇ... ಇಲ್ಲಪ್ಪಾ” ಎಂದ ಅಣ್ಣ. “ನಿನಗೆ ಕೇ... ಕೇಳಕ್ಕೆ ಇಷ್ಟ ಇಲ್ಲ ಅಂತ ನಾ... ನಾನು ಅಂದ್ಕೊಂಡಿದ್ದೆ.”

ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಅಪ್ಪ ಅಣ್ಣನ ಭುಜದ ಮೇಲಿದ್ದ ಮರದ ಪುಡಿಯನ್ನು ಕೈಯಿಂದ ಕೊಡವಿದ. ಒಂದು ಸಲಕ್ಕೇ ಹೋಗುವಷ್ಟಿತ್ತು, ಆದರೂ ಬಹಳ ಹೊತ್ತು ಕೊಡವಿದ. ನೋಡಿದರೆ ಅಕ್ಕ ಅಲ್ಲಿರಲಿಲ್ಲ.

ಅಡುಗೆಮನೆಗೆ ಹೋದೆ. ಅವಳು ತೊಳೆದಿದ್ದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು. ನನ್ನನ್ನು ಕಂಡು ಒದ್ದೆ ಕೈಯಲ್ಲೇ ಹಲಗೆಯ ಮೇಲೆ ಬರೆದಳು: “ನಾನು ಅಡ್ಡ ನಿಂತಿದ್ದೆನಾ?”

ಅವಳನ್ನು ಸಮಾಧಾನ ಮಾಡಬೇಕಿತ್ತು. ಒಳ್ಳೆಯ ತಂಗಿ ಅದನ್ನೇ ಮಾಡುತ್ತಿದ್ದಳು. ಆದರೆ ನನ್ನೊಳಗೆ ಒಂದು ಹಳೆಯ ಉರಿ ಇತ್ತು. ಮನೆಯಲ್ಲಿ ಎಲ್ಲರ ಕಣ್ಣು ಆ ಇಬ್ಬರ ಮೇಲೇ. ಮಾತು ಬಾರದವನ ಮೇಲೆ, ಮಾತು ಬರುವವಳ ಮೇಲೆ. ಮೂರನೆಯವಳು ಒಬ್ಬಳಿದ್ದಾಳೆಂದು ಊಟಕ್ಕೆ ತಟ್ಟೆ ಎಣಿಸುವಾಗ ಮಾತ್ರ ನೆನಪಾಗುತ್ತಿತ್ತು. ಆ ಉರಿಯೇ ನನ್ನ ಬಾಯಿಂದ ಮಾತಾಡಿತು.

“ಅವತ್ತು ಅವನು ಮರಗೆಲಸ ಅನ್ನಕ್ಕೆ ಹೊರಟಿರಲಿಲ್ಲ ಅಕ್ಕಾ. ಮೇಷ್ಟ್ರು ಅನ್ನಕ್ಕೆ ಹೊರಟಿದ್ದ. ನೀನು ಬಿಡಲಿಲ್ಲ.”

ಅವಳಿಗೆ ಯಾವ ದಿನ ಎಂದು ಕೇಳಬೇಕಾಗಲಿಲ್ಲ. ಮುಖದ ರಕ್ತ ಇಳಿದುಹೋಯಿತು. ತನ್ನನ್ನು ಸಮರ್ಥಿಸಿಕೊಳ್ಳಲು ದನಿಯೂ ಇಲ್ಲದವಳಿಗೆ ಹೊಡೆದ ಹಾಗಾಯಿತು ನನಗೆ. ತಕ್ಷಣ ಉಳಿದದ್ದನ್ನೂ ಹೇಳಿದೆ: ತಾರಸಿಯ ಮೇಲೆ ಅವನು ನನಗೆ ಹೇಳಿದ್ದು, ಹಾಜರಿ, ಬೆಲ್ಲು ಎಂದು ನಾನು ಹಾಸ್ಯ ಮಾಡಿದ್ದು, ಅವನು ನಕ್ಕದ್ದು. “ನೀನು ಗೊತ್ತಿಲ್ಲದೆ ಮಾಡಿದೆ. ನಾನು ಗೊತ್ತಿದ್ದೂ ನಕ್ಕೆ” ಎಂದೆ. ಅಕ್ಕ ಒದ್ದೆ ಕೈಯಿಂದ ನನ್ನ ಕೆನ್ನೆ ಒರೆಸಿದಳು. ಕೆನ್ನೆಯ ತುಂಬ ಸೀಮೆಸುಣ್ಣ ಮೆತ್ತಿಕೊಂಡಿತು.

ಮರುದಿನ ಅವಳು ಕೆಳಗೆ ಕಾರ್ಯಾಗಾರಕ್ಕೆ ಇಳಿದಳು. ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ಅಣ್ಣ ಒಂದು ಮೇಜಿನ ಕಾಲನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುತ್ತಿದ್ದ. ಅಕ್ಕ ಹಲಗೆಯನ್ನು ಅವನ ಮುಂದೆ ಹಿಡಿದಳು. “ಮೇಷ್ಟ್ರು” ಎಂದಷ್ಟೇ ಬರೆದಿದ್ದಳು, ಕೆಳಗೆ ಸಣ್ಣಕ್ಷರದಲ್ಲಿ “ತಪ್ಪಾಯ್ತು ಕಣೋ.”

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಉಪ್ಪುಕಾಗದ ಕೆಳಗಿಟ್ಟು, ಅಕ್ಕನಿಗೊಂದು ಸ್ಟೂಲು ಎಳೆದುಕೊಟ್ಟು, ತಾನು ಮರದ ದಿಮ್ಮಿಯ ಮೇಲೆ ಕೂತ. ಅವನು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಬರೆಯಲು ಹೋಗುವುದಿಲ್ಲ. ನಡುನಡುವೆ ಎಷ್ಟು ಸಲ ನಿಂತ ಎಂಬುದನ್ನು ನೀವೇ ಸೇರಿಸಿಕೊಳ್ಳಬೇಕು.

“ಅವತ್ತು ನೀನು ಮರಗೆಲಸ ಅಂದಾಗ ನನಗೆ ಸಿಟ್ಟು ಬರಲಿಲ್ಲ ಅಕ್ಕಾ. ಬಚಾವಾದೆ ಅನ್ನಿಸ್ತು. ಮೇಷ್ಟ್ರು ಅಂದಿದ್ರೆ ಮಾರನೇ ದಿನದಿಂದ ನಾನು ಮಾತಾಡಬೇಕಾಗ್ತಿತ್ತು. ನೀನು ಮುಂದೆ ನಿಂತಿದ್ದೆ, ನಾನು ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅದರಲ್ಲಿ ನಿಂದು ಎಷ್ಟು, ನಂದು ಎಷ್ಟು? ಈ ಮರ ನನಗೆ ಇಷ್ಟಾನೇ. ಪುಟ್ಟಿ ಅಂದಿದ್ದೂ ನಿಜವೇ, ಹಾಜರಿ ಕೂಗೋಷ್ಟರಲ್ಲಿ ಸಂಜೆ ಆಗ್ತಿತ್ತು.”

ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಅಳುವಾಗಲೂ ಸದ್ದು ಮಾಡಕೂಡದು ಎಂದು ಡಾಕ್ಟರು ಹೇಳಿದ್ದರು. ಪಾಪ, ಬಾಯಿ ಬಿಗಿಹಿಡಿದುಕೊಂಡೇ ಅತ್ತಳು. ಅಣ್ಣ ಇನ್ನೊಂದು ಮಾತು ಕೇಳಿದ.

“ನನ್ನ ಪರವಾಗಿ ಎಲ್ಲಾ ಹೇಳ್ತಾ ಇದ್ದೆಯಲ್ಲ. ನಿನಗೇನು ಬೇಕಿತ್ತು ಅಕ್ಕಾ? ನಿನ್ನನ್ನ ಯಾರೂ ಕೇಳಲೇ ಇಲ್ಲ ಅನ್ಸುತ್ತೆ.”

ಅಕ್ಕ ಹಲಗೆ ಒರೆಸಿದಳು. ಸೀಮೆಸುಣ್ಣ ಹಿಡಿದು ಕೂತಳು. ಬೀದಿಯಲ್ಲಿ ಒಂದು ಲಾರಿ ಹೋಯಿತು, ಮೇಲೆ ಅಮ್ಮನ ಯಂತ್ರ ಓಡಿತು, ನಿಂತಿತು, ಮತ್ತೆ ಓಡಿತು. ಅವಳು ಬರೆಯಲೇ ಇಲ್ಲ. ನಾವಿಬ್ಬರೂ ಕಾದೆವು, ನಮಗಿಬ್ಬರಿಗೂ ಕಾಯುವುದು ಗೊತ್ತಿತ್ತು. ಕೊನೆಗೆ ಬರೆದು ತೋರಿಸಿದಳು: “ಗೊತ್ತಿಲ್ಲ. ಸುಮ್ಮನೆ ಇರೋದು ಇಷ್ಟು ಚೆನ್ನಾಗಿರುತ್ತೆ ಅಂತ ಈ ವಾರ ಗೊತ್ತಾಯ್ತು.”

ಅಣ್ಣ ಮೊದಲು ನಕ್ಕ. ಆಮೇಲೆ ನಾನು. ಅಕ್ಕನಿಗೆ ನಗುವುದಕ್ಕೂ ಅಪ್ಪಣೆ ಇರಲಿಲ್ಲವಾದ್ದರಿಂದ ಹೊಟ್ಟೆ ಹಿಡಿದುಕೊಂಡು ಅಲುಗಾಡಿದಳು.

ಮೂರನೇ ವಾರದ ಕೊನೆಯಲ್ಲಿ, ಕೈಕೆಲಸಗಳ ತರಬೇತಿ ಕೇಂದ್ರ ನಡೆಸುವ ಮೇಡಂ ಒಬ್ಬರು ಕಾರ್ಯಾಗಾರಕ್ಕೆ ಬಂದರು. ಅಕ್ಕ ಆಗ ದಿನಾ ಅಲ್ಲೇ ಇರುತ್ತಿದ್ದಳು, ಸ್ಟೂಲಿನ ಮೇಲೆ ಕೂತು ಕಪಾಟಿನ ಹಿಡಿಗಳಿಗೆ ಬಣ್ಣ ಹಚ್ಚುತ್ತ. ನಾನು ಊಟದ ಬಿಡುವಿನಲ್ಲಿ ಅವಳ ಮಾತ್ರೆ ಕೊಡಲು ಹೋಗಿದ್ದೆ. ಮೇಡಂ ಒಂದು ಅರ್ಧ ಮುಗಿದ ಬಾಗಿಲಿನ ಮೇಲೆ ಕೈಯಾಡಿಸಿ ನೋಡಿ, ನೇರವಾಗಿ ವಿಷಯಕ್ಕೆ ಬಂದರು.

“ನಮ್ಮಲ್ಲಿ ಹನ್ನೆರಡು ಜನ ಕಲಿಯೋರಿದ್ದಾರೆ. ವಾರಕ್ಕೆ ಎರಡು ಮಧ್ಯಾಹ್ನ ಬಂದು ಮರಗೆಲಸ ಹೇಳಿಕೊಡ್ತೀರಾ? ಹೋದ ವರ್ಷಾನೇ ಫೋನ್ ಮಾಡಿದ್ದೆ. ನಿಮ್ಮಕ್ಕ ಅಂತೆ, ಅವರು ಎತ್ತಿಕೊಂಡಿದ್ರು. ನಿಮಗೆ ಆಗಲ್ಲ ಅಂದ್ರು.”

ಅಣ್ಣ ಅಕ್ಕನ ಕಡೆ ತಿರುಗಿದ. ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅಕ್ಕನ ಕೈಯಲ್ಲಿದ್ದ ಬ್ರಷ್ಷಿನಿಂದ ಒಂದು ಹನಿ ಬಣ್ಣ ಅವಳ ಮಡಿಲಿಗೆ ಬಿತ್ತು. ಮುಚ್ಚಿಟ್ಟದ್ದಲ್ಲ ಅದು, ಅವಳಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ. ತಮ್ಮ ಹನ್ನೆರಡು ಜನರ ಮುಂದೆ ನಿಂತು ಮಾತಾಡುವುದೇ? ಯಾರೋ ಕಿಸಕ್ಕನೆ ನಗುವುದೇ? ಬೇಡವೇ ಬೇಡ ಎಂದು ಅವಳ ನಾಲಿಗೆಯೇ ಅವನಿಗಾಗಿ ಉತ್ತರ ಕೊಟ್ಟು ಮುಗಿಸಿತ್ತು.

ಅಣ್ಣ ಮೇಡಂ ಕಡೆ ತಿರುಗಿ ಬಾಯಿ ತೆರೆದ. ತುಟಿ ಹಿಡಿದುಕೊಂಡಿತು. ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿದ. ಅಕ್ಕ ಬ್ರಷ್ಷು ಬಿಟ್ಟು ಸೀಮೆಸುಣ್ಣ ಕೈಗೆತ್ತಿಕೊಂಡಳು. ಹಲಗೆಯ ಮೇಲೆ ಒಂದು ಅಕ್ಷರ ಬರೆದಳು. ಬರೆದದ್ದನ್ನು ತಾನೇ ನೋಡಿದಳು. ಆಮೇಲೆ ಅಂಗೈಯಿಂದ ಅದನ್ನು ಒರೆಸಿ, ಹಲಗೆಯನ್ನು ಕೊರಳಿನಿಂದ ತೆಗೆದು ನೆಲಕ್ಕಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಅಷ್ಟು ದೊಡ್ಡ ಹೆಂಗಸು, ಶಾಲೆಯಲ್ಲಿ ಗದರಿಸಿಕೊಂಡ ಹುಡುಗಿಯ ಹಾಗೆ.

“ಬ್... ಬ್... ಬರ್ತೀನಿ” ಎಂದ ಅಣ್ಣ. “ಆದ್ರೆ ನನಗೆ ಮಾ... ಮಾತು ನಿಧಾನ.”

“ಮರಾನೂ ಅವಸರದಲ್ಲಿ ಆಗಲ್ಲವಲ್ಲ” ಎಂದರು ಮೇಡಂ. “ಮಂಗಳವಾರ ಬನ್ನಿ.”

ಅವರು ಹೋದ ಮೇಲೆ ಅಣ್ಣ ಅಕ್ಕನ ಮುಂದೆ ನಿಂತು, “ಹೋದ ವರ್ಷಾನೇ ಕೇ... ಕೇಳಿದ್ರಂತೆ” ಎಂದ. ಕೋಪವಿತ್ತು ಆ ದನಿಯಲ್ಲಿ, ಸಣ್ಣದು. ಅಕ್ಕ ತಲೆಯಾಡಿಸಿದಳು. ಹಲಗೆ ಎತ್ತಿಕೊಳ್ಳಲಿಲ್ಲ. ಅವನು ಹತ್ತರಿ ಹಿಡಿದು ಆ ಅರ್ಧ ಮುಗಿದ ಬಾಗಿಲಿನ ಕಡೆ ಹೋದ.

ಮೊದಲನೇ ತರಗತಿಯ ದಿನ ಅವನ ಜೊತೆ ಯಾರು ಹೋಗುವುದು ಎಂಬ ಮಾತು ಬಂತು. ಅಕ್ಕ ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ, ಮೇಲಿನ ಕಿಟಕಿಯಲ್ಲಿ ನಿಂತು, ಅವನು ಒಬ್ಬನೇ ಬೀದಿಯ ತಿರುವು ದಾಟುವವರೆಗೆ ನೋಡಿದಳು. ಅಲ್ಲಿ ಏನಾಯಿತೆಂದು ಅಣ್ಣ ಸಂಜೆ ಊಟದ ಮೇಜಿನಲ್ಲಿ ಅಪ್ಪನಿಗೆ ಹೇಳಿದ. ಒಬ್ಬ ಹುಡುಗಿ ನಕ್ಕಳಂತೆ. ಅವನು ಅವಳ ಕೈಗೇ ಗರಗಸ ಕೊಟ್ಟು, “ನೆಟ್ಟಗೆ ಕೊಯ್ಯಿ ನೋಡೋಣ” ಎಂದನಂತೆ. ಗೆರೆ ಹಾವಿನ ಹಾಗೆ ಹೋಯಿತಂತೆ. ಆಮೇಲೆ ಅವಳೂ ನಗಲಿಲ್ಲ, ಉಳಿದವರೂ ನಗಲಿಲ್ಲ. ಅಪ್ಪ ಪ್ರತಿ ಮಾತಿಗೂ “ಆಮೇಲೆ? ಆಮೇಲೆ?” ಎಂದು ಕೇಳಿದ. ಊಟ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು.

ಅಕ್ಕನಿಗೆ ದನಿ ಮರಳಿ ಬಂತು. ಮುಂಚಿನಷ್ಟು ಚೂಪಿಲ್ಲ, ಸ್ವಲ್ಪ ಕೆಳಗೆ ಇಳಿದು, ಅಂಚು ಮೆತ್ತಗಾಗಿದೆ. ಮೈಕಿನ ಮುಂದೆ ಈಗ ಅರ್ಧ ಪಾಳಿ ಮಾತ್ರ ಕೂರುತ್ತಾಳೆ, ಉಳಿದ ಹೊತ್ತು ಹೊಸಬಳೊಬ್ಬಳಿಗೆ ಕೆಲಸ ಕಲಿಸುತ್ತಾಳೆ. ಕಾರ್ಯಾಗಾರದ ಬೋರ್ಡಿನ ಮೇಲಿನ ನಂಬರನ್ನು ಅತ್ತಿಗೆ ಅಳಿಸಿ ಅಣ್ಣನ ನಂಬರು ಬರೆಸಿದಳು. ಅಭ್ಯಾಸ ಬಿಡುವುದು ಸುಲಭವಾಗಿರಲಿಲ್ಲ. ಅಣ್ಣನ ಮಾತು ನಿಂತಾಗ ಅಕ್ಕನ ತುಟಿ ತಾನಾಗಿಯೇ ಅಲುಗುತ್ತದೆ. ಆಗ ಅವಳು ಎದ್ದು ನೀರು ಕುಡಿಯಲು ಹೋಗುತ್ತಾಳೆ. ಅಷ್ಟೊಂದು ನೀರು ಕುಡಿಯುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಇನ್ನೊಂದು ವಿಚಿತ್ರ: ಈಗ ಅವಳು ನನ್ನನ್ನು “ನಿನಗೇನನ್ಸುತ್ತೆ?” ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾಳೆ.

ಈ ವರ್ಷ ಅಕ್ಕ, ಭಾವ ಹೊಸ ಮನೆಗೆ ಹೋಗುವವರಿದ್ದಾರೆ. ಅದರ ಮುಂಬಾಗಿಲು ಅಣ್ಣನೇ ಮಾಡುತ್ತಿದ್ದಾನೆ. ಹೋದ ವಾರ ಒಂದು ಮಧ್ಯಾಹ್ನ ನಾನು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಅಕ್ಕನ ಫೋನ್ ಬಂತು. ಓದುವವರಿಗೆ ತೊಂದರೆಯಾಗದಿರಲಿ ಎಂದು ಮೆಟ್ಟಿಲ ಹತ್ತಿರ ಹೋಗಿ ಎತ್ತಿಕೊಂಡೆ. ಅವಳಿಗೆ ಬಾಗಿಲು ಒಂದೇ ಕದದ್ದು ಬೇಕಂತೆ. ಅವನು ಎರಡು ಕದದ್ದೇ ಗಟ್ಟಿ ಎನ್ನುತ್ತಾನಂತೆ. ಇವಳು ಬಿಡಲಿಲ್ಲ, ಅವನೂ ಬಿಡಲಿಲ್ಲ. ನಲವತ್ತು ವರ್ಷದಲ್ಲಿ ಅವರಿಬ್ಬರೂ ಒಂದು ಸಲವೂ ಜಗಳವಾಡಿದ್ದಿಲ್ಲ. ಆಡುವುದಾದರೂ ಹೇಗೆ, ಎರಡೂ ಕಡೆಯ ಮಾತನ್ನು ಒಬ್ಬಳೇ ಆಡುತ್ತಿದ್ದಾಗ?

“ಬೈದ ಕಣೇ ನನಗೆ!” ಎಂದಳು ಅಕ್ಕ. “ನಿನ್ನ ಬಾಯಿ ಮು... ಮುಚ್ಚು, ನನ್ನ ಕೆಲಸ ನನಗೆ ಗೊತ್ತು ಅಂತ ಪೂರ್ತಿ ಹೇಳಿದ. ನಾನು ನಡುವೆ ಒಂದಕ್ಷರ ಎತ್ತಲಿಲ್ಲ. ಪೂರ್ತಿ ಕೇಳಿದ ಮೇಲೇ ಜಗಳ ಆಡಿದ್ದು.”

“ಆಮೇಲೆ?”

“ಆಮೇಲೇನು? ನಾನೂ ಬೈದೆ. ಎರಡು ದಿನದಿಂದ ಮಾತಿಲ್ಲ.”

ಅವಳ ದನಿಯಲ್ಲಿ ಸಿಟ್ಟಿತ್ತು. ಆದರೆ ಮಗು ಮೊದಲ ಹೆಜ್ಜೆ ಇಟ್ಟಿತು ಎಂದು ಹೇಳುವ ತಾಯಿಯ ದನಿಯಲ್ಲಿರುತ್ತದಲ್ಲ, ಅಂಥ ಸಡಗರವೂ ಇತ್ತು. ಯಾರು ಮೊದಲು ಮಾತಾಡಬೇಕು ಎಂದು ನನ್ನನ್ನು ಕೇಳಿದಳು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವಳು ಫೋನ್ ಹಿಡಿದುಕೊಂಡೇ ಇದ್ದಳು.